ವಿಳಾಸವಿರುವ ಪುಸ್ತಕಗಳು

ಪ್ರೀತಿಯ ಮಗಳೇ,

‘ದೊಡ್ಡಪ್ಪ, ಈ ವರ್ಷ ಓದಿದ್ದರಲ್ಲಿ ನಿಮಗೆ ಹಿಡಿಸಿದ ಪುಸ್ತಕಗಳ ಪಟ್ಟಿ ಕಳಿಸಿ, ನಮ್ಮ ಯುವಜನ ಸಂಘಕ್ಕೆ ಬೇಕು, ಆತ್ಮಿಕ ಬೆಳವಣಿಗೆಗೆ ಸಹಾಯವಾಗುವಂಥವೇ ಆಗಿರಲಿ’ ಎಂದು ಬರೆದಿದ್ದೀಯ. ಪಟ್ಟಿ ಹಾಕಲು ಕೂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮನಸ್ಸಿನಲ್ಲಿ ಉಳಿದವುಗಳಲ್ಲಿ ಮುಕ್ಕಾಲು ಪಾಲು ಪತ್ರಗಳೇ. ನಿಜವಾದ ಪತ್ರಗಳು ಕೆಲವು, ಕಾದಂಬರಿಯೊಳಗಿನ ಪತ್ರಗಳು ಕೆಲವು. ಹೇಗಿದ್ದರೂ ಯಾರೋ ಒಬ್ಬರು ಇನ್ನೊಬ್ಬರನ್ನು ಹೆಸರು ಹಿಡಿದು ಕರೆದು ಬರೆದವು. ಲೋಕಕ್ಕೆಲ್ಲ ಬುದ್ಧಿ ಹೇಳಲು ಹೊರಟ ಪುಸ್ತಕಗಳನ್ನೂ ಓದದೆ ಇರಲಿಲ್ಲ. ನಮ್ಮ ಸಭೆಯ ಕಪಾಟಿನಲ್ಲಿ ಅವುಗಳಿಗೇನು ಬರವೇ? ಜಯದ ಏಳು ಗುಟ್ಟುಗಳು, ಆಶೀರ್ವಾದದ ಹನ್ನೆರಡು ಮೆಟ್ಟಿಲುಗಳು ಎಂಬ ಜಾತಿಯವು. ಓದಿ ಮುಗಿಸಿದ ವಾರಕ್ಕೇ ಮರೆತುಹೋದವು.

ಇದರಲ್ಲಿ ಆಶ್ಚರ್ಯಪಡುವಂಥದ್ದೂ ಇಲ್ಲ. ಹೊಸ ಒಡಂಬಡಿಕೆಯ 27 ಪುಸ್ತಕಗಳಲ್ಲಿ 21 ಪತ್ರಗಳೇ. ನಾವು ಅವನ್ನು ವಚನ ವಚನವಾಗಿ ಬಿಡಿಸಿ, ಕ್ಯಾಲೆಂಡರಿನ ಮೇಲೆ ಅಚ್ಚು ಹಾಕಿ, ಯಾರೋ ಯಾರಿಗೋ ಬರೆದದ್ದು ಎಂಬುದನ್ನೇ ಮರೆತಿದ್ದೇವೆ. ಫಿಲೆಮೋನನಿಗೆ ಪೌಲ ಬರೆದದ್ದನ್ನು ಒಮ್ಮೆ ಒಂದೇ ಉಸಿರಿಗೆ ಓದು. ಇಪ್ಪತ್ತೈದೇ ವಚನ. ಒಬ್ಬ ಯಜಮಾನ, ಅವನನ್ನು ಬಿಟ್ಟು ಬಂದ ಒನೇಸಿಮನೆಂಬ ದಾಸ, ನಡುವೆ ಸೆರೆಯಲ್ಲಿರುವ ಮುದುಕ ಪೌಲ. ಒನೇಸಿಮನ ಮೇಲೆ ಸಾಲವಿದ್ದರೆ ನನ್ನ ಲೆಕ್ಕಕ್ಕೆ ಹಾಕು ಎಂದು ಪೌಲ ಸ್ವಂತ ಕೈಯಲ್ಲಿ ಬರೆದುಕೊಡುತ್ತಾನೆ. ಅದರ ಬೆನ್ನಿಗೇ, ನೀನು ನನಗೆ ಎಷ್ಟು ಋಣಿ ಎಂಬುದನ್ನು ನಾನು ಹೇಳಬೇಕಾಗಿಲ್ಲವಲ್ಲ ಎಂಬ ಅರ್ಥದಲ್ಲಿ ಮೆಲ್ಲಗೆ ಚುಚ್ಚುತ್ತಾನೆ. ದಾಸ್ಯದ ಬಗ್ಗೆ ಅವನು ಇನ್ನೂ ಗಟ್ಟಿಯಾಗಿ ಮಾತಾಡಬೇಕಿತ್ತು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ. ಆದರೆ ಫಿಲೆಮೋನನ ಎದುರು ಕೂತಂತೆ ಬರೆದ ಆ ಮಾತಿನಿಂದ ತಪ್ಪಿಸಿಕೊಳ್ಳುವುದು ಫಿಲೆಮೋನನಿಗೆ ಸುಲಭವಿರಲಿಲ್ಲ.

ಈ ವರ್ಷ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಪಂಡಿತಾ ರಮಾಬಾಯಿಯ ಪತ್ರಗಳು. ಮಹಾರಾಷ್ಟ್ರದವರೆಂದು ನೀನು ಪಾಠದಲ್ಲಿ ಓದಿರಬಹುದು. ಹುಟ್ಟಿದ್ದು ನಮ್ಮ ಘಟ್ಟದಲ್ಲಿ, ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ಪಂಡಿತರ ವಿರೋಧ ಕಟ್ಟಿಕೊಂಡವರು. ಮಗಳು ಕಲಿತದ್ದು ತಾಯಿಯ ಬಾಯಿಂದ. ಬರಗಾಲದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು, ಅಣ್ಣನ ಜೊತೆ ದೇಶವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ, 1878ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ‘ಸರಸ್ವತಿ’ ಎನ್ನಿಸಿಕೊಂಡರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಕನ್ಯಾಮಠದಲ್ಲಿ ದೀಕ್ಷಾಸ್ನಾನ ಪಡೆದರು. ನಮ್ಮ ಪ್ರಸಂಗಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ: ಪಂಡಿತೆ ಕ್ರೈಸ್ತಳಾದಳು, ಹಲ್ಲೆಲೂಯ.

ಪತ್ರಗಳ ಬಿಸಿ ಏರುವುದೇ ಅಲ್ಲಿಂದ. ಅವರನ್ನು ನಂಬಿಕೆಯಲ್ಲಿ ಕೈಹಿಡಿದು ನಡೆಸಿದ ಸಿಸ್ಟರ್ ಜೆರಾಲ್ಡಿನ್ ಜೊತೆ ವರ್ಷಗಟ್ಟಲೆ ಜಗಳ. ತ್ರೈಯೇಕತ್ವವನ್ನು ಸತ್ಯವೇದದಲ್ಲಿ ಎಲ್ಲಿ ಹೀಗೇ ಹೇಳಿದೆ, ತೋರಿಸಿ ಎನ್ನುತ್ತಾರೆ ರಮಾಬಾಯಿ. ಗಂಡಸರಿಗೆ ಪಾಠ ಹೇಳಬಾರದೆಂದು ಹಿಂದುಸ್ತಾನದ ಬಿಷಪ್ಪರು ಅಡ್ಡಿ ಮಾಡಿದಾಗ, ನನ್ನ ದೇಶದ ಗಂಡಸರ ನಡುವೆ ನಾನು ಎಷ್ಟು ಸಭೆಗಳಲ್ಲಿ ಮಾತಾಡಿ ಬಂದಿದ್ದೇನೆ ನಿಮಗೆ ಗೊತ್ತೇ ಎಂದು ಸಿಟ್ಟಾಗುತ್ತಾರೆ. ಮಾಂಸ ತಿನ್ನುವುದಿಲ್ಲ ಎಂಬ ಹಟ ಬಿಡಲಿಲ್ಲ. ಒಂದು ಪುರೋಹಿತವರ್ಗದ ನೊಗ ಇಳಿಸಿ ಬಂದವಳು ಇನ್ನೊಂದಕ್ಕೆ ಕತ್ತು ಕೊಡಲಾರೆ ಎಂಬುದು ಒಟ್ಟು ಧಾಟಿ. ಜೆರಾಲ್ಡಿನ್‌ಗೆ ಇದು ಅಹಂಕಾರವಾಗಿ ಕಂಡಿತು. ನನಗೆ ಅಚ್ಚರಿಯಾದದ್ದು ಏನು ಗೊತ್ತೇ? ಅವರನ್ನು ಹೆಮ್ಮೆಯವಳೆಂದು ಗದರಿಸಿದ ಅದೇ ಸಿಸ್ಟರ್ ಈ ಪತ್ರಗಳನ್ನೆಲ್ಲ ಜೋಪಾನವಾಗಿ ಕೂಡಿಟ್ಟರು. ತನ್ನನ್ನು ಎದುರಿಸಿದ ಮಾತುಗಳನ್ನೂ ಹರಿದುಹಾಕಲಿಲ್ಲ. ಎಷ್ಟೋ ದಶಕಗಳ ನಂತರ, 1977ರಲ್ಲಿ, ಎ. ಬಿ. ಶಾ ಸಂಪಾದಿಸಿದ ಸಂಪುಟವಾಗಿ ಅವು ಅಚ್ಚಾದವು.

ನಂಬಿಕೆ ಅಲುಗಾಡುತ್ತಿದೆ, ಬೈಬಲ್ ಸ್ಟಡಿಯಲ್ಲಿ ಪ್ರಶ್ನೆ ಕೇಳಿದರೆ ಎಲ್ಲರೂ ವಿಚಿತ್ರವಾಗಿ ನೋಡುತ್ತಾರೆ ಎಂದು ಬೇಸಿಗೆಯಲ್ಲಿ ನೀನು ಹೇಳಿದ್ದೆಯಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಹೀಗೆ ಜಗಳಾಡಿದ ಹೆಂಗಸು ಸಭೆ ಬಿಟ್ಟು ಹೋಗಲಿಲ್ಲ. ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಕಟ್ಟಿ, ಬರಗಾಲಕ್ಕೆ ಸಿಕ್ಕಿದ ನೂರಾರು ಹುಡುಗಿಯರನ್ನು, ವಿಧವೆಯರನ್ನು ಕರೆತಂದು ಸಾಕಿದರು. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಅಚ್ಚಿನ ಮೊಳೆ ಜೋಡಿಸಿದವರೂ ಸದನದ ಹೆಣ್ಣುಮಕ್ಕಳೇ. ಮಗಳು ಮನೋರಮಾ ನಮ್ಮ ಗುಲ್ಬರ್ಗಕ್ಕೆ ಬಂದು ಅಲ್ಲಿ ಶಾಲೆ ನಡೆಸಿದರು. 1921ರಲ್ಲಿ ಮಗಳು, ಮರುವರ್ಷ ತಾಯಿ ತೀರಿಕೊಂಡರು. ಇಷ್ಟೆಲ್ಲ ಇದ್ದೂ ಗಂಗಾಮೂಲದ ಈ ಮಗಳ ಬಗ್ಗೆ ನಮ್ಮ ಕನ್ನಡ ಸಭೆಗಳಲ್ಲಿ ವರ್ಷಕ್ಕೊಂದು ಮಾತಾದರೂ ಕೇಳಿಸುವುದಿಲ್ಲ. ಮಹಿಳಾ ಭಾನುವಾರದಂದು ಮತ್ತೆ ಮತ್ತೆ ರೂತಳೇ ಬರುತ್ತಾಳೆ. ರೂತಳ ಮೇಲೆ ನನಗೆ ಕೋಪವಿಲ್ಲ, ಪಾಪ.

ಎರಡನೆಯದು ಡೀಟ್ರಿಕ್ ಬೋನ್‌ಹೋಫರ್ ಸೆರೆಮನೆಯಿಂದ ಬರೆದ ಪತ್ರಗಳು. ಹಿಟ್ಲರನ ವಿರುದ್ಧ ನಿಂತ ಈ ಲೂಥರನ್ ಪಾದ್ರಿಯನ್ನು 1943ರ ಏಪ್ರಿಲ್ 5ರಂದು ಹಿಡಿದು ಬರ್ಲಿನ್ನಿನ ಟೇಗೆಲ್ ಜೈಲಿಗೆ ಹಾಕಿದರು. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್‌ನಲ್ಲಿ ಗಲ್ಲಿಗೇರಿಸಿದರು. ವಯಸ್ಸು 39. ಅಪ್ಪ ಅಮ್ಮನಿಗೆ ಬರೆದ ಪತ್ರಗಳನ್ನು ಅಧಿಕಾರಿಗಳು ಓದುತ್ತಿದ್ದರು, ಆದ್ದರಿಂದ ಅಲ್ಲಿ ಎಲ್ಲವೂ ಚೆನ್ನಾಗಿದೆ, ಬುತ್ತಿ ತಲುಪಿತು, ಪುಸ್ತಕ ಕಳಿಸಿ. ಗೆಳೆಯ ಎಬರ್‌ಹಾರ್ಡ್ ಬೆಟ್ಗೆಗೆ ಕಾವಲುಗಾರರ ಕೈಯಲ್ಲಿ ಗುಟ್ಟಾಗಿ ಹೋದ ಪತ್ರಗಳಲ್ಲಿ ಬೇರೆಯದೇ ಮನುಷ್ಯ: ತನ್ನನ್ನು ಎಲ್ಲರೂ ಧೈರ್ಯಶಾಲಿ ಎನ್ನುವುದು ಒಳಗಿರುವವನಿಗೆ ಹೊಂದುವುದೇ ಎಂದು ಅನುಮಾನ ಪಡುವವನು, ಧಾರ್ಮಿಕ ಮಂದಿಯ ನಡುವೆ ದೇವರ ಹೆಸರೆತ್ತಲು ಮುಜುಗರಪಡುವವನು, ಧರ್ಮವೆಂಬ ಹೊದಿಕೆ ಕಳಚಿದ ಕಾಲದಲ್ಲಿ ಕ್ರಿಸ್ತನು ಯಾರಿಗೆ ಏನು ಎಂದು ಕೇಳಿಕೊಳ್ಳುವವನು. ಈ ಕೊನೆಯ ಪ್ರಶ್ನೆಯ ಮೇಲೆ ಆಮೇಲಿನ ಪಂಡಿತರು ದೊಡ್ಡ ದೊಡ್ಡ ಸಿದ್ಧಾಂತ ಕಟ್ಟಿದರು. ಅವುಗಳ ಗೊಡವೆಗೆ ಹೋಗಬೇಡ. ಗೆಳೆಯನ ಮುಂದೆ ಗಟ್ಟಿಯಾಗಿ ಯೋಚಿಸಿದ, ಇನ್ನೂ ಬೇಯದ ಮಾತು ಅದು. ಕೊನೆಯ ಕೆಲವು ಪತ್ರಗಳನ್ನು ಬೆಟ್ಗೆ ತನ್ನ ಬಂಧನದ ಹೊತ್ತಿಗೆ ಸುಟ್ಟುಹಾಕಬೇಕಾಯಿತು, ಹಾಗಾಗಿ ಅದು ಬೆಂದಿತ್ತೋ ಇಲ್ಲವೋ ಯಾರೂ ಹೇಳುವಂತಿಲ್ಲ.

ಉಳಿದ ಪತ್ರಗಳಲ್ಲಿ ಒಂದನ್ನು ನೀನು ಓದಲೇಬೇಕು. ಬೆಟ್ಗೆಯ ಮಗುವಿಗೆ ದೀಕ್ಷಾಸ್ನಾನವಾದಾಗ, 1944ರ ಮೇ ತಿಂಗಳಲ್ಲಿ, ಜೈಲಿನಿಂದಲೇ ಆ ಕೂಸಿಗೆ ಬರೆದದ್ದು. ಮಗುವಿಗೆ ಇಟ್ಟ ಹೆಸರೂ ಡೀಟ್ರಿಕ್. ಸಭೆಯ ದೊಡ್ಡ ಮಾತುಗಳೆಲ್ಲ ಸವೆದುಹೋಗಿವೆ, ನೀನು ದೊಡ್ಡವನಾಗುವ ತನಕ ನಾವು ಮಾಡಬಹುದಾದದ್ದು ಪ್ರಾರ್ಥನೆ ಮತ್ತು ನ್ಯಾಯದ ಕೆಲಸ ಎಂಬ ಆಶಯದ ಬರಹ. ತೊಟ್ಟಿಲಲ್ಲಿರುವವನಿಗೆ ಸುಳ್ಳು ಭರವಸೆ ಕೊಡಬಾರದೆಂಬ ಮರ್ಯಾದೆ ಅದರಲ್ಲಿದೆ. ಅಂದಹಾಗೆ, ಬೋನ್‌ಹೋಫರ್‌ಗೆ ಹಿಂದುಸ್ತಾನಕ್ಕೆ ಬಂದು ಗಾಂಧೀಜಿಯ ಆಶ್ರಮದಲ್ಲಿ ಇರುವ ಆಸೆಯಿತ್ತು. ಗಾಂಧೀಜಿ 1934ರಲ್ಲಿ ಬಾ ಎಂದು ಬರೆದೂ ಇದ್ದರು. ಜರ್ಮನಿಯಲ್ಲೇ ಪಾದ್ರಿಗಳನ್ನು ತಯಾರು ಮಾಡುವ ಕೆಲಸ ಬಂದಿದ್ದರಿಂದ ಆ ಪ್ರಯಾಣ ನಿಂತಿತು.

ಕಾದಂಬರಿಗಳಿಗೆ ಬರುತ್ತೇನೆ. ಮೆರಿಲಿನ್ ರಾಬಿನ್ಸನ್ ಬರೆದ ‘ಗಿಲಿಯಡ್’ 2004ರದು, ಮರುವರ್ಷ ಪುಲಿಟ್ಜರ್ ಬಂತು. ಅಮೆರಿಕದ ಅಯೋವಾ ರಾಜ್ಯದ ಸಣ್ಣ ಊರಿನಲ್ಲಿ, 1956ರಲ್ಲಿ, ಎದೆರೋಗದ ಮುದಿ ಪಾದ್ರಿಯೊಬ್ಬ ಏಳು ವರ್ಷದ ಮಗನಿಗೆ, ಅವನು ದೊಡ್ಡವನಾದ ಮೇಲೆ ಓದಲಿ ಎಂದು ಬರೆಯುವ ಒಂದೇ ಉದ್ದನೆಯ ಪತ್ರ. ಮೊದಲ ಐವತ್ತು ಪುಟ ನಿನಗೆ ಆಕಳಿಕೆ ಬರುತ್ತದೆ, ತಾಳ್ಮೆಯಿಂದ ದಾಟು. ಆತನ ಕಪಾಟಿನಲ್ಲಿ ನಾಸ್ತಿಕ ಫಾಯರ್‌ಬಾಖ್‌ನ ಪುಸ್ತಕವಿದೆ, ಅಣ್ಣ ಕೊಟ್ಟದ್ದು. ಅದನ್ನು ಮೆಚ್ಚಿ ಓದುತ್ತಾನೆ, ಪೀಠದ ಮೇಲೂ ನಿಲ್ಲುತ್ತಾನೆ. ಕಥೆಯ ಗಂಟು ಬೇರೆಯೇ. ಎಲ್ಲರನ್ನೂ ಆಶೀರ್ವದಿಸುವ ಈ ಒಳ್ಳೆಯ ಮನುಷ್ಯನಿಗೆ ಒಬ್ಬನನ್ನು ಮಾತ್ರ ಕ್ಷಮಿಸಲಾಗುವುದಿಲ್ಲ: ಜೀವದ ಗೆಳೆಯನ ಮಗ, ತನ್ನದೇ ಹೆಸರಿಟ್ಟ ಪೋಲಿ ಹುಡುಗ. ಮಗನಿಗೆ ಬುದ್ಧಿ ಹೇಳಲು ಹಿಡಿದ ಪೆನ್ನು ತನ್ನ ಹೊಟ್ಟೆಯೊಳಗಿನ ಕಿಚ್ಚನ್ನೇ ಹೊರಗೆಳೆಯುವುದನ್ನು ಆತ ತಡೆಯಲಾರದೆ ಹೋಗುತ್ತಾನೆ. ನಮ್ಮ ಅಯ್ಯನವರುಗಳಿಗೆಲ್ಲ ಇದನ್ನು ಕಡ್ಡಾಯ ಪಠ್ಯ ಮಾಡಬೇಕು.

ಶೂಸಾಕು ಎಂಡೊನ ‘ಸೈಲೆನ್ಸ್’, 1966ರ ಜಪಾನಿ ಕಾದಂಬರಿ, ಓದುವಾಗ ಗಡಿಬಿಡಿ ಮಾಡಬೇಡ. 17ನೆಯ ಶತಮಾನ. ಜಪಾನಿನಲ್ಲಿ ಕ್ರೈಸ್ತರನ್ನು ಹುಡುಕಿ ಹುಡುಕಿ ಹಿಂಸಿಸುತ್ತಿದ್ದ ಕಾಲ. ಫೆರೇರಾ ಎಂಬ ಹಿರಿಯ ಜೆಸ್ಯುಟ್ ಪಾದ್ರಿ 1633ರಲ್ಲಿ, ತಲೆಕೆಳಗಾಗಿ ಗುಂಡಿಗೆ ತೂಗುಹಾಕಿದ ಹಿಂಸೆ ತಾಳದೆ, ನಂಬಿಕೆ ಬಿಟ್ಟನೆಂಬುದು ಚರಿತ್ರೆ. ಆ ಸುದ್ದಿ ನಂಬಲಾಗದೆ ಅವನ ಶಿಷ್ಯ ರೊಡ್ರಿಗಸ್ ಪೋರ್ಚುಗಲ್ಲಿನಿಂದ ಗೋವಾ ಬಂದರಿಗೆ ಬಂದು, ಮಕಾವ್ ಮುಟ್ಟಿ, ಕಳ್ಳದೋಣಿಯಲ್ಲಿ ಜಪಾನಿಗೆ ಹೋಗುವುದು ಕಾದಂಬರಿ. ಮೊದಲ ನಾಲ್ಕು ಅಧ್ಯಾಯ ರೊಡ್ರಿಗಸ್‌ನ ಪತ್ರಗಳು. ‘ನಾನು’ ಎನ್ನುವ ಈ ದನಿಯಲ್ಲಿ ಹುರುಪಿದೆ, ಸ್ವಲ್ಪ ಜಂಬವೂ ಇದೆ. ತನ್ನ ಪಾಡನ್ನು ಕ್ರಿಸ್ತನ ಪಾಡಿಗೆ ಹೋಲಿಸಿಕೊಳ್ಳುವ ಚಟವಿದೆ. ಅವನು ಸೆರೆ ಸಿಕ್ಕ ಕೂಡಲೇ ಪತ್ರ ನಿಲ್ಲುತ್ತದೆ, ‘ಅವನು’ ಶುರುವಾಗುತ್ತಾನೆ. ಕೊನೆಗೆ ಬರುವುದು ಡಚ್ ವ್ಯಾಪಾರಿಯ ಗುಮಾಸ್ತನ ದಿನಚರಿಯ ತುಣುಕು, ಆಮೇಲೆ ಕಾವಲಿನ ಜಪಾನಿ ಅಧಿಕಾರಿಯೊಬ್ಬನ ಒಣ ದಾಖಲೆ. ಮನುಷ್ಯ ದೂರ ದೂರ ಹೋಗಿ, ಸರಕಾರಿ ರಿಜಿಸ್ಟರಿನ ಒಂದು ಸಾಲಾಗುತ್ತಾನೆ. ಅನೇಕರು ಆ ಕೊನೆಯ ದಾಖಲೆಯನ್ನು ಹಾರಿಸಿಬಿಡುತ್ತಾರೆ. ಹಾರಿಸಬೇಡ. ಅವನ ನಂಬಿಕೆ ಉಳಿಯಿತೋ ಅಳಿಯಿತೋ ಎಂಬುದರ ಸುಳಿವು ಅಲ್ಲೇ ಇದೆ, ಅದೂ ಅನುಮಾನದ ರೂಪದಲ್ಲಿ.

ಈ ಪುಸ್ತಕ ಬಂದಾಗ ಜಪಾನಿನ ಕ್ಯಾಥೊಲಿಕರಲ್ಲೇ ಅನೇಕರು ಕೋಪಿಸಿಕೊಂಡರು. ನಿಮ್ಮ ಸಂಘದಲ್ಲೂ ಕೆಲವರು ಕೋಪಿಸಿಕೊಂಡಾರು. ನನಗಂತೂ ಕಿಚಿಜಿರೊ ಎಂಬ ಕುಡುಕ ಪಾತ್ರ ಬಿಡಲೊಲ್ಲದು: ಮತ್ತೆ ಮತ್ತೆ ಮೋಸ ಮಾಡುತ್ತಾನೆ, ಮತ್ತೆ ಮತ್ತೆ ಪಾಪನಿವೇದನೆಗೆ ಬಂದು ನಿಲ್ಲುತ್ತಾನೆ, ನಾಚಿಕೆಯೇ ಇಲ್ಲದೆ.

ಸಿ. ಎಸ್. ಲೂಯಿಸ್‌ನ ‘ಸ್ಕ್ರೂಟೇಪ್ ಲೆಟರ್ಸ್’ ನಿನ್ನ ಬಳಿ ಇದೆಯೆಂದು ಗೊತ್ತು. 1942ರ ಪುಸ್ತಕ, ಹಿರಿಯ ದೆವ್ವವೊಂದು ಸೋದರಳಿಯ ದೆವ್ವಕ್ಕೆ ಮನುಷ್ಯರನ್ನು ಕೆಡಿಸುವ ಕಲೆ ಕಲಿಸುವ 31 ಪತ್ರಗಳು. ಜಾಣತನ ಸ್ವಲ್ಪ ಹೆಚ್ಚಾಯಿತು ಎನಿಸುತ್ತದೆ. ಆದರೂ ಹಿರಿಯರ ಉಪದೇಶದ ಪತ್ರ ಬಂದಾಗಲೆಲ್ಲ ಅದನ್ನು ನೆನೆಸಿಕೊಳ್ಳುವುದು ನಿನ್ನ ವಯಸ್ಸಿನವರಿಗೆ ಒಳ್ಳೆಯದು, ನನ್ನ ಈ ಪತ್ರ ಬಂದಾಗಲೂ.

ಪತ್ರವಲ್ಲದ ಒಂದನ್ನು ಸೇರಿಸಲೇಬೇಕು. ಕಾದಂಬರಿಕಾರ ನಾ. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಸುದ್ದಿ ಕೇಳಿದ ಮೇಲೆ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಮತ್ತೆ ಓದಿದೆ. ಎಲ್ಲರಿಗೂ ಅವರು ‘ದ್ವೀಪ’ದ ಡಿಸೋಜ, ಶರಾವತಿಯ ಹಿನ್ನೀರಿನಲ್ಲಿ ಊರು ಮುಳುಗಿದವರ ಡಿಸೋಜ, ಕಾಸರವಳ್ಳಿಯವರ ಸಿನಿಮಾ ಅದಕ್ಕೆ ಕಾರಣವಿರಬಹುದು. ಇಗರ್ಜಿಯ ಈ ಕಾದಂಬರಿಯಲ್ಲಿ ಮಲೆನಾಡಿಗೆ ಬಂದು ನೆಲೆ ನಿಂತ ಕೊಂಕಣಿ ಕ್ರೈಸ್ತರ ಬದುಕಿದೆ: ಇಗರ್ಜಿ ಬೇಕೆಂಬ ಹಂಬಲ, ಪಾದ್ರಿಯ ಅಂಜಿಕೆ, ನೆರೆಮನೆಯ ಮತ್ಸರ, ಊಟ, ಮದುವೆ, ಸಾಲ. ಇವರು ನಮ್ಮ ಪಂಗಡದವರಲ್ಲ, ನಿಜ. ಬಾಸೆಲ್ ಮಿಷನ್ನಿನ ಸಂತಾನವಾದ ನಾವು ‘ರೋಮಿನವರು’ ಎಂದು ಅವರನ್ನು ಒಂದು ಮಾರು ದೂರವಿಟ್ಟೇ ಬೆಳೆದೆವು. ಆದರೆ ಕನ್ನಡದಲ್ಲಿ ಕ್ರೈಸ್ತರನ್ನು ಉಪದೇಶಿಗಳಾಗಿಯೂ ಅಲ್ಲ, ಹಾಸ್ಯಪಾತ್ರಗಳಾಗಿಯೂ ಅಲ್ಲ, ಪಕ್ಕದ ಮನೆಯವರಾಗಿ ನಿಲ್ಲಿಸಿದವರು ಕಡಿಮೆ. ಡಿಸೋಜರು ತಮ್ಮ ಓದುಗನನ್ನು ‘ಸಹೋದರರೇ’ ಎಂದು ಕರೆಯುವುದಿಲ್ಲ, ಹಿಂದೂ ಓದುಗನ ಮುಂದೆ ತಮ್ಮವರ ಪರ ವಕಾಲತ್ತೂ ಮಾಡುವುದಿಲ್ಲ. ತಮ್ಮ ಊರಾದ ಸಾಗರದ ಬೀದಿಯಲ್ಲಿ ಎದುರಾದವರಿಗೆ ಮಾತಾಡಿದ ಹಾಗೆ ಬರೆಯುತ್ತಾರೆ.

ಸಂಘಕ್ಕೆ ಒಂದೇ ಪುಸ್ತಕ ಎಂದರೆ ಈ ಡಿಸೋಜರದನ್ನು ಇಡು. ಕನ್ನಡದಲ್ಲಿದೆ, ಎಲ್ಲರೂ ಓದಿಯಾರು. ನಿನ್ನೊಬ್ಬಳಿಗೆ ಎಂದರೆ ರಮಾಬಾಯಿ. ಅದರ ಪ್ರತಿ ಅಂಗಡಿಯಲ್ಲಿ ಸಿಗುವುದು ಕಷ್ಟ, ಬೆಂಗಳೂರಿನ ಯಾವುದಾದರೂ ದೈವಜ್ಞಾನ ಕಾಲೇಜಿನ ಗ್ರಂಥಾಲಯದಲ್ಲಿ ವಿಚಾರಿಸು. ‘ಸೈಲೆನ್ಸ್’ ಮತ್ತು ಬೋನ್‌ಹೋಫರ್ ನನ್ನ ಪ್ರತಿಗಳನ್ನೇ ಕೊರಿಯರ್ ಮಾಡುತ್ತಿದ್ದೇನೆ, ಅಂಚಿನಲ್ಲಿ ನನ್ನ ಗೀಚು ಬಹಳವಿದೆ, ಮೊದಲ ಸಲ ಓದುವಾಗ ಅದನ್ನು ನೋಡಬೇಡ. ಓದಿದ ಮೇಲೆ ಮೆಸೇಜಿನಲ್ಲಿ ‘ಸೂಪರ್ ದೊಡ್ಡಪ್ಪ’ ಎಂದು ಕಳಿಸಿ ಮುಗಿಸಬೇಡ. ಜೆರಾಲ್ಡಿನ್ ಸರಿಯೋ ರಮಾಬಾಯಿ ಸರಿಯೋ, ರೊಡ್ರಿಗಸ್ ಕೊನೆಗೆ ಕ್ರಿಸ್ತನ ಪಟದ ಮೇಲೆ ಕಾಲಿಟ್ಟದ್ದು ಸರಿಯೋ ತಪ್ಪೋ, ಎರಡು ಪುಟವಾದರೂ ಕೈಯಲ್ಲಿ ಬರೆದು ಕಳಿಸು. ನನಗೆ ಒಪ್ಪಿಗೆಯಾಗದಂತೆ ಬರೆದರೆ ಇನ್ನೂ ಒಳ್ಳೆಯದು.

ಇತಿ ನಿನ್ನ,
ದೊಡ್ಡಪ್ಪ