ಬೆಂಚಿಗೆ ಬೇಕಾದ ಮಾಲು ಪೀಣ್ಯದಲ್ಲೇ ಇದೆ

ಬೆಂಗಳೂರಿನ ಪೀಣ್ಯದಲ್ಲಿ ಕಬ್ಬಿಣದ ಶೀಟು ಕತ್ತರಿಸುವ ಶೆಡ್ಡುಗಳು ಸಾಲುಸಾಲಾಗಿವೆ. ಜಿಗಣಿಯಲ್ಲಿ ಗ್ರಾನೈಟ್ ಕೊಯ್ಯುತ್ತಾರೆ. ಎರಡೂ ಕಡೆ ಉಳಿಯುವ ತುಂಡುಗಳು ಹೊಚ್ಚಹೊಸ ಮಾಲು, ಗಾತ್ರವೊಂದೇ ಚಿಕ್ಕದು. ಕಬ್ಬಿಣ ಹೇಗೂ ಕುಲುಮೆಗೆ ಹೋಗುತ್ತದಲ್ಲ ಎನ್ನಬಹುದು. ಆದರೆ ಅದನ್ನು ಕರಗಿಸಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತುಂಡನ್ನು ತುಂಡಾಗಿಯೇ ಬಳಸಿದರೆ ಅಷ್ಟು ಇಂಧನ ಉಳಿಯಿತು. ಇಂಥ ತುಂಡುಗಳಿಂದ ಪೀಠೋಪಕರಣ ಮಾಡಲು ಹೊರಟ ಹೊಸಬರು ಒಂದು ಬೆಂಚಿನಿಂದ ಶುರು ಮಾಡುವುದು ಒಳ್ಳೆಯದು.

ಹಂತ 1: ನಕ್ಷೆ ಆಮೇಲೆ. ಕೂರುವ ಎತ್ತರ ಸುಮಾರು 45 ಸೆಂ.ಮೀ., ಮೂರು ಜನರ ಭಾರ ತಡೆಯಬೇಕು, ಮಳೆಗೆ ನಿಲ್ಲಬೇಕು: ಇಷ್ಟು ಬರೆದುಕೊಂಡರೆ ಸಾಕು. ಉಳಿದದ್ದನ್ನು ಸಿಕ್ಕ ಮಾಲು ತೀರ್ಮಾನಿಸಲಿ. ಪೂರ್ತಿ ನಕ್ಷೆ ಹಿಡಿದು ಹೋದವರು ಕೊನೆಗೆ ಹೊಸ ಶೀಟನ್ನೇ ಕೊಳ್ಳುತ್ತಾರೆ.

ಹಂತ 2: ಮೊದಲು ಗುಜರಿ ಅಂಗಡಿ, ಆಮೇಲೆ ಕಾರ್ಖಾನೆ. ಎಷ್ಟೋ ಕಾರ್ಖಾನೆಗಳು ತಮ್ಮ ಸ್ಕ್ರ್ಯಾಪನ್ನು ಗುತ್ತಿಗೆದಾರರಿಗೆ ಮೊದಲೇ ವಹಿಸಿರುತ್ತವೆ. ಗೇಟಿನಲ್ಲಿ ಕಾಯುವುದಕ್ಕಿಂತ ಆ ಗುತ್ತಿಗೆದಾರರನ್ನು ಕಾಣುವುದೇ ಹತ್ತಿರದ ದಾರಿ. "ಏನಿದೆ?" ಎಂದು ಕೇಳಬೇಡಿ, "ವಾರವಾರ ಒಂದೇ ಥರ ಬರುವ ಮಾಲು ಯಾವುದು?" ಎಂದು ಕೇಳಿ. ಇಂದು ಹತ್ತು, ಮುಂದಿನ ವಾರ ಮತ್ತೆ ಹತ್ತು ಸಿಗುವ ತುಂಡಿನ ಮೇಲೆ ವಿನ್ಯಾಸ ನಿಲ್ಲಿಸಬಹುದು.

ಹಂತ 3: ಅಯಸ್ಕಾಂತ, ಟೇಪು, ಸೀಮೆಸುಣ್ಣ, ದಪ್ಪ ಕೈಗವಸು, ಗಟ್ಟಿ ಬೂಟು ಜೊತೆಗಿರಲಿ. ಅಯಸ್ಕಾಂತ ಕಚ್ಚಿಕೊಂಡರೆ ಸಾಮಾನ್ಯವಾಗಿ ಕಬ್ಬಿಣ. ಕಚ್ಚದಿದ್ದರೆ ಅಲ್ಯುಮಿನಿಯಂ ಇರಬಹುದು, ಕೆಲವು ಬಗೆಯ ಸ್ಟೇನ್‌ಲೆಸ್ ಸ್ಟೀಲೂ ಇರಬಹುದು. ಒಂದು ಮಿ.ಮೀ. ದಪ್ಪದ ಒಂದು ಚದರ ಮೀಟರ್ ಕಬ್ಬಿಣದ ಶೀಟು ಸುಮಾರು 7.85 ಕೆ.ಜಿ. ತೂಗುತ್ತದೆ. ಗುಜರಿಯಲ್ಲಿ ಬೆಲೆ ತೂಕದ ಮೇಲೆ, ಹಾಗಾಗಿ ಈ ಲೆಕ್ಕ ಬಾಯಿಗೆ ಬರಬೇಕು. 20 ಮಿ.ಮೀ. ಗ್ರಾನೈಟ್ ಚದರ ಮೀಟರಿಗೆ 50 ಕೆ.ಜಿ. ದಾಟುತ್ತದೆ, ಎತ್ತಲು ಇನ್ನೊಬ್ಬರು ಬೇಕು.

ಹಂತ 4: ಬಿಡಬೇಕಾದದ್ದನ್ನು ಬಿಡಿ. ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಅಗ್ಗವೆಂದು ಆಸೆಪಡಬೇಡಿ. ಆಮದು ಸರಕಿನೊಂದಿಗೆ ಬಂದ ಮರದ ಪ್ಯಾಲೆಟ್ ಮೇಲೆ ಮುದ್ರೆ ಇರುತ್ತದೆ. "ಎಚ್‌ಟಿ" ಎಂದರೆ ಶಾಖದಿಂದ ಹುಳ ಕೊಂದದ್ದು. "ಎಂಬಿ" ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಅದನ್ನು ಮುಟ್ಟುವುದೇ ಬೇಡ. ಎಚ್‌ಟಿ ಇದ್ದರೂ ಎಣ್ಣೆಯ ಕಲೆ, ರಾಸಾಯನಿಕದ ವಾಸನೆ ಇದ್ದರೆ ಬಿಟ್ಟುಬಿಡಿ. ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ತೊಳೆದು ಕುರ್ಚಿ ಮಾಡುವವರಿದ್ದಾರೆ. ಅಪಾಯಕಾರಿ ರಾಸಾಯನಿಕ ಮೆತ್ತಿದ ಡ್ರಮ್ಮು ಕೇಂದ್ರ ಸರ್ಕಾರದ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ಅದಕ್ಕೆ ಗ್ರೈಂಡರ್ ಹಿಡಿದರೆ ಉಳಿದ ಆವಿ ಸಿಡಿಯಬಹುದು. ಹಳೆಯ ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ಆಸ್‌ಬೆಸ್ಟಾಸ್ ಇರುತ್ತದೆ. ಕತ್ತರಿಸಿದಾಗ ಏಳುವ ಧೂಳು ಶ್ವಾಸಕೋಶದಲ್ಲೇ ಉಳಿಯುತ್ತದೆ. ಸತು ಲೇಪಿಸಿದ ಜಿಐ ಶೀಟನ್ನು ಬೋಲ್ಟ್ ಹಾಕಿ ಜೋಡಿಸಿ. ವೆಲ್ಡ್ ಮಾಡಿದರೆ ಏಳುವ ಸತುವಿನ ಹೊಗೆ ಜ್ವರ ತರಿಸಬಹುದು.

ಹಂತ 5: ಆರಿಸಿ ತೆಗೆದ ಮಾಲಿಗೆ ಗುಜರಿಯವರು ದರ ಸ್ವಲ್ಪ ಏರಿಸುತ್ತಾರೆ. ಕೊಡಿ. ರಾಶಿಯಿಂದ ಬೇರ್ಪಡಿಸಿ ಇಡುವವರ ಶ್ರಮ ಅದು, ಮತ್ತು ಮುಂದಿನ ಸಲ ಒಳ್ಳೆಯ ತುಂಡು ನಿಮಗಾಗಿ ತೆಗೆದಿಡುವವರೂ ಅವರೇ. ಬಿಲ್ ಕೇಳಿ ಪಡೆಯಿರಿ.

ಹಂತ 6: ಮನೆಗೆ ತಂದ ತುಂಡುಗಳನ್ನು ನೆಲದ ಮೇಲೆ ಹರಡಿ, ಅಳೆದು, ಈಗ ನಕ್ಷೆ ಬರೆಯಿರಿ. ಕಬ್ಬಿಣದ ಅಂಚುಗಳನ್ನು ಅರದಿಂದ ಉಜ್ಜಿ, ಎಣ್ಣೆಜಿಡ್ಡು ತೊಳೆದು, ಒಣಗಿದ ದಿನವೇ ಪ್ರೈಮರ್ ಹಚ್ಚಿ. ಮಳೆಗಾಲದಲ್ಲಿ ಒಂದು ರಾತ್ರಿ ಹಾಗೇ ಬಿಟ್ಟರೂ ತುಕ್ಕು ಶುರುವಾಗುತ್ತದೆ.