ಸಾಲ ತಿಪಟೂರಿನಲ್ಲಿ, ಸಂಬಳ ಸ್ಟುಟ್‌ಗಾರ್ಟಿನಲ್ಲಿ

ಮೊದಲ ಸಂಬಳ ನನ್ನ ಕೈಸೇರುವ ಮುಂಚೆಯೇ ತಿಪಟೂರಿನಲ್ಲಿ ಅದು ಮೂರೂವರೆ ಲಕ್ಷವಾಗಿತ್ತು. ನೇಮಕಾತಿ ಪತ್ರದಲ್ಲಿ ತಿಂಗಳಿಗೆ 4,100 ಯೂರೊ ಎಂದಿತ್ತು. ಅಪ್ಪ ಅವತ್ತಿನ ದರದಲ್ಲಿ ಗುಣಿಸಿ ಚಿಕ್ಕಪ್ಪನಿಗೆ ಹೇಳಿದರು, ಚಿಕ್ಕಪ್ಪ ಇಡೀ ಬೀದಿಗೆ ಹೇಳಿದರು. 2021ರ ಆಗಸ್ಟ್ ಕೊನೆಗೆ ಸ್ಟುಟ್‌ಗಾರ್ಟಿನ ನನ್ನ ಖಾತೆಗೆ ಬಂದು ಬಿದ್ದದ್ದು 2,600ಕ್ಕಿಂತ ತುಸು ಕಡಿಮೆ. ಆದಾಯ ತೆರಿಗೆ, ಪಿಂಚಣಿಗೆ ಶೇ. 9.3, ಆರೋಗ್ಯ ವಿಮೆ, ನಿರುದ್ಯೋಗ ವಿಮೆ, ಮುಪ್ಪಿನ ಆರೈಕೆಯ ವಿಮೆ, ಎಲ್ಲವನ್ನೂ ಕಂಪನಿಯವರೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಜರ್ಮನಿಯಲ್ಲಿ ಸಂಬಳಕ್ಕೆ ಎರಡು ಹೆಸರು: ಬ್ರುಟ್ಟೊ ಮತ್ತು ನೆಟ್ಟೊ. ಊರಿಗೆ ಸುದ್ದಿಯಾಗಿ ಹೋಗುವುದು ಬ್ರುಟ್ಟೊ. ನಾವು ಬದುಕುವುದು ನೆಟ್ಟೊದಲ್ಲಿ. ಮನೆ ಹಿಡಿಯಲು ಮೂರು ತಿಂಗಳ ಬಾಡಿಗೆ ಮುಂಗಡ ಕೊಟ್ಟಾಗ ಆ ನೆಟ್ಟೊ ಕೂಡ ಕರಗಿಹೋಯಿತು. ಸಾಲದ ಮೊದಲ ಕಂತಿಗೆ ಇನ್ನು ಐದು ವಾರ ಇತ್ತು.

ಸಾಲ ಹುಟ್ಟಿದ ಬಗೆ ಹೇಳಬೇಕು. 2018ರಲ್ಲಿ ನಾನು ಎಂ.ಎಸ್ಸಿ. ಓದಲು ಕೆಮ್ನಿಟ್ಸ್‌ಗೆ ಹೊರಟೆ. ಆ ಊರಿಗೆ 1990ರವರೆಗೆ ಕಾರ್ಲ್ ಮಾರ್ಕ್ಸ್ ನಗರ ಎಂದೇ ಹೆಸರು. ಮಾರ್ಕ್ಸನ ಏಳು ಮೀಟರ್ ಎತ್ತರದ ಕಂಚಿನ ತಲೆ ಈಗಲೂ ಊರ ನಡುವೆ ಇದೆ. ಬ್ಯಾಂಕಿನ ಸಾಲ ಹೊತ್ತುಕೊಂಡು ನಾನು ಎರಡೂವರೆ ವರ್ಷ ಅದರ ಮುಂದೆಯೇ ಓಡಾಡಿದೆ. ಜರ್ಮನಿಯಲ್ಲಿ ಓದು ಪುಕ್ಕಟೆ ಎಂದು ನಮ್ಮ ಕಾಲೇಜುಗಳಲ್ಲಿ ಒಂದು ಮಾತಿದೆ. ನಾನು ಸೇರಿದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕವಿರಲಿಲ್ಲ ಎನ್ನುವುದು ನಿಜ. ಆದರೆ ವೀಸಾ ಬೇಕೆಂದರೆ ಒಂದು ವರ್ಷದ ಊಟ-ಬಾಡಿಗೆಯ ದುಡ್ಡನ್ನು ಮುಂಚಿತವಾಗಿ ಅಲ್ಲಿನ ಖಾತೆಯಲ್ಲಿಟ್ಟು ಬೀಗ ಹಾಕಿ ತೋರಿಸಬೇಕು. ಆಗ ಅದು 8,640 ಯೂರೊ, ತಿಂಗಳಿಗೆ 720 ಮಾತ್ರ ಬಿಡುತ್ತಿದ್ದರು. ಯೂರೊಗೆ 84 ರೂಪಾಯಿ ಇದ್ದ ಕಾಲ. ಬೀಗದ ಖಾತೆಗೇ ಏಳೂಕಾಲು ಲಕ್ಷ. ಎರಡನೇ ವರ್ಷವನ್ನೂ ಸೇರಿಸಿ 12 ಲಕ್ಷ ಸಾಲ ಮಾಡಿದೆವು. ಏಳೂವರೆ ಲಕ್ಷ ದಾಟಿದ್ದರಿಂದ ಬ್ಯಾಂಕು ಅಡಮಾನ ಕೇಳಿತು. ನಿವೃತ್ತ ಮೇಷ್ಟ್ರಾದ ಅಪ್ಪ, ಪಿ.ಎಫ್. ದುಡ್ಡಿನಲ್ಲಿ ಕಟ್ಟಿಸಿದ ಮನೆಯ ಪತ್ರ ಕೊಟ್ಟರು. ಸಹ-ಸಾಲಗಾರ ಎಂಬ ಜಾಗದಲ್ಲಿ ಸಹಿಯನ್ನೂ ಹಾಕಿದರು.

ಮ್ಯಾನೇಜರು ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ನಾನು ಸಹಿ ಮಾಡುತ್ತಾ ಹೋದೆ, ಒಂದು ಪುಟವನ್ನೂ ಓದಲಿಲ್ಲ. 'ಓದು ಮುಗಿದು ಒಂದು ವರ್ಷ ಕಳೆದ ಮೇಲೆ ಕಟ್ಟಿದರಾಯಿತು' ಎಂದರು. ಅಲ್ಲಿಯವರೆಗೆ ಬಡ್ಡಿಯೂ ಇಲ್ಲವೆಂದು ನಾನೇ ತಿಳಿದುಕೊಂಡೆ. ಬಡ್ಡಿ ಮೊದಲ ಕಂತಿನ ಹಣ ಬಿಡುಗಡೆಯಾದ ದಿನವೇ ಓಡಲು ಶುರುವಾಗಿತ್ತು, ಶೇ. 10.25ರಂತೆ. ಮೊದಲು ಕೊಟ್ಟ 8 ಲಕ್ಷಕ್ಕೆ ತಿಂಗಳಿಗೆ 6,800 ರೂಪಾಯಿ. ಓದುವಾಗಲೇ ಆ ಬಡ್ಡಿಯನ್ನಷ್ಟೇ ಕಟ್ಟುತ್ತಾ ಬಂದರೆ ದರದಲ್ಲಿ ಶೇ. 1 ರಿಯಾಯಿತಿ ಎಂಬ ಸಾಲೂ ಅದೇ ಕಾಗದದಲ್ಲಿತ್ತು. ಕೆಮ್ನಿಟ್ಸ್‌ನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ಸಹಾಯಕನಾಗಿ ದುಡಿಯುತ್ತಿದ್ದಾಗ ತಿಂಗಳಿಗೆ 80 ಯೂರೊ ಉಳಿಸುವುದು ನನಗೆ ಅಸಾಧ್ಯವೇನಾಗಿರಲಿಲ್ಲ. ಉಳಿಸಲಿಲ್ಲ, ಪ್ರಾಗ್ ನೋಡಿದೆ, ವಿಯೆನ್ನಾ ನೋಡಿದೆ. 2021ರ ಅಕ್ಟೋಬರ್‌ನಲ್ಲಿ ಕಂತು ಶುರುವಾದಾಗ 12 ಲಕ್ಷ ಬೆಳೆದು 15 ಲಕ್ಷದ 36 ಸಾವಿರವಾಗಿತ್ತು. ಹತ್ತು ವರ್ಷಕ್ಕೆ ತಿಂಗಳ ಕಂತು 20,500.

ಯೂರೊದಲ್ಲಿ ಅದು 240ರ ಒಳಗೆ. ನಗಣ್ಯ ಅನ್ನಿಸಿತು. ಕಂತು ಎಷ್ಟು ಎನ್ನುವುದು ನನ್ನನ್ನು ಕಾಡಲೇ ಇಲ್ಲ, ನಿಜ. ಕಾಡಿದ್ದು ಸಾಲ ಇರುವ ಊರಿನಲ್ಲಿ ನಾನು ಇಲ್ಲದಿದ್ದದ್ದು.

ಮೊದಲ ಕಂತೇ ತಪ್ಪಿತು. ಸೆಪ್ಟೆಂಬರ್ 28ಕ್ಕೇ ದುಡ್ಡು ಕಳಿಸಿದ್ದೆ. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ಹಿಂದೆ ಅಪ್ಪನ ಪೂರ್ತಿ ಹೆಸರು, ಊರಿನ ಪಾಸ್‌ಬುಕ್ಕಿನಲ್ಲಿ ಬರೀ ಎರಡು ಇನಿಷಿಯಲ್. ಇಬ್ಬರೂ ಒಬ್ಬನೇ ಎಂದು ಹಣ ರವಾನಿಸುವ ಸಂಸ್ಥೆಗೆ ನಂಬಿಕೆ ಬರಲಿಲ್ಲ. ದಾಖಲೆ ಕೇಳುತ್ತಾ ದುಡ್ಡನ್ನು ನಡುವೆ ನಿಲ್ಲಿಸಿಕೊಂಡರು. ನಮ್ಮ ಕಡೆಯ ಇನಿಷಿಯಲ್ಲಿನ ಕಷ್ಟ ಹೊರದೇಶಕ್ಕೆ ಹೋದ ಕನ್ನಡಿಗರಿಗೆಲ್ಲ ಒಂದಲ್ಲ ಒಂದು ಕೌಂಟರಿನಲ್ಲಿ ಅನುಭವಕ್ಕೆ ಬಂದಿರುತ್ತದೆ. ಕಂತಿನ ದಿನವಾದ 5ನೇ ತಾರೀಕು ದಾಟಿತು. ಬ್ಯಾಂಕಿನವರು ಫೋನ್ ಮಾಡಿದ್ದು ನನಗಲ್ಲ, ಅಪ್ಪನಿಗೆ. ಅವರು ಅವತ್ತೇ ಹೋಗಿ ಪಿಂಚಣಿಯಿಂದ ಕಂತು ಕಟ್ಟಿ ಬಂದರು, ನನಗೆ ಹೇಳಲಿಲ್ಲ. ಮುಂದಿನ ತಿಂಗಳೂ ಹಾಗೇ ಆಯಿತು. ಡಿಸೆಂಬರಿನಲ್ಲಿ ಅಮ್ಮ ಬೇರೇನೋ ಮಾತಾಡುತ್ತಾ, 'ಈ ಸಲ ತೆಂಗಿಗೆ ಗೊಬ್ಬರ ಹಾಕಿಸ್ಲಿಲ್ಲ ಕಣೋ' ಅಂದಳು. ಯಾಕೆ ಎಂದು ಎರಡು ಸಲ ಕೇಳಿದ ಮೇಲೆ ಕಾರಣ ಹೊರಬಿತ್ತು.

ಆಮೇಲೆ ಕೂತು ಸರಿಮಾಡಿದೆ. ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಕೆಲಸಕ್ಕೆಂದು ಹೊರದೇಶಕ್ಕೆ ಹೋದವರು ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ, ಅನಿವಾಸಿಗಳ ಎನ್‌ಆರ್‌ಓ ಖಾತೆಯಾಗಿ ಬದಲಿಸಬೇಕು. ಹೊರಗೆ ದುಡಿದದ್ದನ್ನು ಕಳಿಸಲು ಎನ್‌ಆರ್‌ಇ ಖಾತೆ ತೆರೆಯಬಹುದು. ನಾನು ಎರಡನ್ನೂ ಮಾಡಿರಲಿಲ್ಲ. ಅರ್ಜಿಯ ಜೊತೆ ದೃಢೀಕರಿಸಿದ ಪ್ರತಿಗಳು ಬೇಕಿತ್ತು, ಒಂದು ದಿನ ರಜೆ ಹಾಕಿ ರೈಲಿನಲ್ಲಿ ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟಿಗೆ ಹೋಗಿಬಂದೆ. ಅಷ್ಟರಲ್ಲಿ ಊರಿನ ಸಿಮ್ ರೀಚಾರ್ಜ್ ಇಲ್ಲದೆ ಸತ್ತಿತ್ತು, ಒಟಿಪಿ ಎಲ್ಲಿಗೂ ಬರುತ್ತಿರಲಿಲ್ಲ. ಸಾಲದಷ್ಟೇ ಆ ಸಿಮ್ಮನ್ನೂ ಜೀವಂತವಾಗಿಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಎನ್‌ಆರ್‌ಇ ಖಾತೆಯಿಂದ ಕಂತು ತಾನಾಗಿ ಮುರಿಯುವಂತೆ ಬರೆದುಕೊಟ್ಟೆ. ಆ ಖಾತೆಯಲ್ಲಿ ಯಾವಾಗಲೂ ಮೂರು ಕಂತಿನ ಹಣ ಮುಂಚಿತವಾಗಿ ಇರುವಂತೆ ನೋಡಿಕೊಂಡೆ. ಬುದ್ಧಿವಂತಿಕೆ ಎನ್ನುವಂಥದ್ದು ನಾನು ಮಾಡಿದ್ದಿದ್ದರೆ ಇದೊಂದೇ. ಅಪ್ಪನ ಫೋನಿಗೆ ಬ್ಯಾಂಕಿನ ಕರೆ ಆಮೇಲೆ ಬರಲಿಲ್ಲ.

ದಡ್ಡತನ ಬೇಕಾದಷ್ಟಿದೆ. 2022ರ ವಸಂತದಲ್ಲಿ ನನ್ನ ಬಳಿ 3,000 ಯೂರೊ ಸೇರಿತ್ತು, ಅಸಲಿಗೆ ಕಟ್ಟೋಣವೆಂದು. ಯೂರೊ ಆಗ 84ರ ಆಸುಪಾಸು. 2020ರ ಕೊನೆಗೆ 90ರ ಹತ್ತಿರ ಹೋಗಿತ್ತಲ್ಲ, ಮತ್ತೆ ಹೋಗುತ್ತದೆ, ಕಾಯೋಣ ಅಂದುಕೊಂಡೆ. ಆಫೀಸಿನಲ್ಲಿ ಕೆಲಸಕ್ಕಿಂತ ಹೆಚ್ಚು ದರದ ಗ್ರಾಫ್ ನೋಡಿದೆ. ಉಕ್ರೇನ್ ಯುದ್ಧ, ಗ್ಯಾಸಿನ ಬಿಕ್ಕಟ್ಟು. ಜುಲೈ 12ಕ್ಕೆ ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಯೂರೊ ಮತ್ತು ಡಾಲರ್ ಸಮಸಮ ಆದವು. ರೂಪಾಯಿಯ ಎದುರು ಯೂರೊ 80ಕ್ಕೆ ಬಂತು. ಹೆದರಿ ಅವತ್ತಿನ ವಾರವೇ ಕಳಿಸಿಬಿಟ್ಟೆ. ದರದಲ್ಲಿ ಹನ್ನೆರಡು ಸಾವಿರ ಹೋಯಿತು, ಕಾದ ಮೂರು ತಿಂಗಳ ಬಡ್ಡಿಯಲ್ಲಿ ಇನ್ನೂ ಆರು ಸಾವಿರ. ಮರುವರ್ಷ ಯೂರೊ 90 ದಾಟಿತು, ಅದು ಬೇರೆ ಕತೆ. ಅಂದಿನಿಂದ ಪ್ರತಿ ತಿಂಗಳ 3ನೇ ತಾರೀಕು, ದರ ಎಷ್ಟಿದ್ದರೂ ಕಳಿಸುತ್ತಿದ್ದೆ. ಇನ್ನು 'ಶುಲ್ಕ ಸೊನ್ನೆ' ಎನ್ನುವವರು ಕೊಡುವ ದರವನ್ನು ಮಾರುಕಟ್ಟೆಯ ದರದ ಪಕ್ಕ ಇಟ್ಟು ನೋಡಿ, ಶುಲ್ಕ ಅಲ್ಲಿ ಅಡಗಿರುತ್ತದೆ.

ಆ 3,000ದಲ್ಲಿ 2,100 ತೆರಿಗೆಯ ಮರುಪಾವತಿ. ಇದನ್ನು ಹೇಳಲೇಬೇಕು, ಯಾಕೆಂದರೆ ನಮ್ಮ ಹುಡುಗರಲ್ಲಿ ಅನೇಕರು ಕೈಬಿಡುವ ದುಡ್ಡು ಇದು. ಭಾರತದಲ್ಲಿ ಪದವಿ ಮುಗಿಸಿ ಬಂದವನಿಗೆ ಜರ್ಮನಿಯ ಎಂ.ಎಸ್ಸಿ. ಎರಡನೇ ಓದು, ಅದಕ್ಕಾದ ಖರ್ಚನ್ನು ಇಲ್ಲಿನ ಕಾನೂನು ಉದ್ಯೋಗಕ್ಕಾಗಿ ಮಾಡಿದ ಖರ್ಚೆಂದು ಎಣಿಸುತ್ತದೆ. ಆದಾಯವಿಲ್ಲದ ವರ್ಷಗಳ ಆ ಖರ್ಚನ್ನು ನಷ್ಟವಾಗಿ ದಾಖಲಿಸಿ, ಸಂಬಳ ಬರುವ ವರ್ಷಕ್ಕೆ ದಾಟಿಸಬಹುದು. ಸಾಲದ ಬಡ್ಡಿಯೂ ಲೆಕ್ಕಕ್ಕೆ ಬರುತ್ತದೆ, ಅಸಲು ಬರುವುದಿಲ್ಲ. ಆ ವರ್ಷ ಐದೇ ತಿಂಗಳು ದುಡಿದದ್ದೂ ಮರುಪಾವತಿ ಹೆಚ್ಚಲು ಕಾರಣ. ಸೆಮಿಸ್ಟರ್ ಶುಲ್ಕ, ಲ್ಯಾಪ್‌ಟಾಪ್ ರಸೀದಿಗಳನ್ನು ಒಂದು ಬೂಟಿನ ಡಬ್ಬಿಯಲ್ಲಿ ಹಾಕಿಟ್ಟಿದ್ದೆ, ಶಿಸ್ತಿನಿಂದಲ್ಲ, ಎಸೆಯಲು ಸೋಮಾರಿತನದಿಂದ. ಭಾರತದ ಆದಾಯ ತೆರಿಗೆ ಕಾಯ್ದೆಯ 80-ಇ ಕಲಂ ನನಗೆ ಕೆಲಸಕ್ಕೆ ಬರಲಿಲ್ಲ. ಬಡ್ಡಿಗೆ ಎಂಟು ವರ್ಷ ವಿನಾಯಿತಿ ಕೊಡುತ್ತಿದ್ದ ಒಳ್ಳೆಯ ಕಲಂ ಅದು, ಆದರೆ ಭಾರತದಲ್ಲಿ ತೆರಿಗೆ ಕಟ್ಟುವ ಆದಾಯ ಇರಬೇಕಿತ್ತಲ್ಲ.

ಮೊದಲ ವರ್ಷದ ಲೆಕ್ಕಪತ್ರ ತರಿಸಿ ನೋಡಿದಾಗ, ಕಟ್ಟಿದ 2.46 ಲಕ್ಷದ ಕಂತುಗಳಲ್ಲಿ ಒಂದೂವರೆ ಲಕ್ಷ ಬಡ್ಡಿಗೇ ಹೋಗಿತ್ತು. ಅದೇ ಹೊತ್ತಿಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು 2022ರ ಮೇನಿಂದ 2023ರ ಫೆಬ್ರುವರಿ ಒಳಗೆ ಶೇ. 4ರಿಂದ 6.5ಕ್ಕೆ ಏರಿಸಿತು. ಅದರೊಂದಿಗೆ ಬಡ್ಡಿ ಏರಿದರೂ ನನ್ನ ಕಂತು ಏರಲಿಲ್ಲ ಎಂದು ಖುಷಿಯಾಗಿದ್ದೆ. ಏರಿದ್ದು ಕಂತುಗಳ ಸಂಖ್ಯೆ. ಇಂಥದ್ದನ್ನು ಸಾಲಗಾರನಿಗೆ ತಿಳಿಸಿ ಆಯ್ಕೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಹೇಳಿತು.

ಹಾಗಾಗಿ ಕೈಗೆ ಬಂದದ್ದನ್ನೆಲ್ಲ ಅಸಲಿಗೆ ಸುರಿಯುವ ಹಟ ಹತ್ತಿತು. ತೇಲುವ ಬಡ್ಡಿದರದ ಸಾಲವನ್ನು ವ್ಯಕ್ತಿಗಳು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಹಟಕ್ಕೆ ತಡೆ ಬಿದ್ದದ್ದು ಪಕ್ಕದ ಮೇಜಿನ ಸಹೋದ್ಯೋಗಿಯಿಂದ. ಆರು ತಿಂಗಳ ಪರೀಕ್ಷಾ ಅವಧಿಯಲ್ಲಿ ಇಲ್ಲಿ ಎರಡು ವಾರದ ನೋಟಿಸಿನಲ್ಲಿ ಮನೆಗೆ ಕಳಿಸಬಹುದು. ಅವನನ್ನು ಐದನೇ ತಿಂಗಳಲ್ಲಿ ಕಳಿಸಿದರು. ನಿರುದ್ಯೋಗ ಭತ್ಯೆಗೆ ಹನ್ನೆರಡು ತಿಂಗಳ ವಂತಿಗೆ ಬೇಕು, ಅವನಿಗೆ ಅದಿರಲಿಲ್ಲ. ಇದ್ದಬದ್ದ ಹಣವನ್ನೆಲ್ಲ ಹಿಂದಿನ ವಾರವಷ್ಟೇ ಹೈದರಾಬಾದಿನ ತನ್ನ ಸಾಲಕ್ಕೆ ಕಟ್ಟಿದ್ದ. ಬ್ಯಾಂಕು ಅದನ್ನು ವಾಪಸ್ ಕೊಡುತ್ತದೆಯೇ? ನಾನು ಮೊದಲು ಇಲ್ಲಿನ ಮೂರು ತಿಂಗಳ ಖರ್ಚು ಪಕ್ಕಕ್ಕಿಟ್ಟು, ಮಿಕ್ಕಿದ್ದನ್ನು ಕಳಿಸಲು ಶುರುಮಾಡಿದೆ. 'ಆ ದುಡ್ಡನ್ನು ಷೇರಿಗೆ ಹಾಕು, ಸಾಲ ನಿಧಾನ ತೀರಲಿ' ಎಂದ ಗೆಳೆಯರೂ ಇದ್ದರು. ಅವರ ಲೆಕ್ಕ ತಪ್ಪಿರಲಿಕ್ಕಿಲ್ಲ. ಅವರ ಅಪ್ಪನ ಮನೆಪತ್ರ ಬ್ಯಾಂಕಿನಲ್ಲಿರಲಿಲ್ಲ, ಅಷ್ಟೇ.

ಹೆಚ್ಚುವರಿ ಹಣ ಹಾಕಿದಾಗಲೆಲ್ಲ 'ಇದು ಅಸಲಿಗೆ' ಎಂದು ಶಾಖೆಗೆ ಇಮೇಲ್ ಬರೆಯಬೇಕು. ಒಮ್ಮೆ ಬರೆಯದೆ ಬಿಟ್ಟದ್ದಕ್ಕೆ ಅದನ್ನು ಮುಂದಿನ ಕಂತುಗಳ ಮುಂಗಡವೆಂದು ಜಮಾ ಮಾಡಿಕೊಂಡಿದ್ದರು.

2024ರ ಡಿಸೆಂಬರಿನಲ್ಲಿ ಕೊನೆಯ ಮೊತ್ತ ಕಟ್ಟಿದೆ. ಮುಗಿಯಿತೆಂದು ಅಂದುಕೊಂಡೆ. ಪತ್ರ ಕೇಳಲು ಹೋದ ಅಪ್ಪನಿಗೆ 'ಬೆಂಗಳೂರಿನಿಂದ ಬರಬೇಕು, ಮುಂದಿನ ವಾರ ಬನ್ನಿ' ಎಂದರು. ಮೂರು ಸಲ ಹಾಗೇ ಆಯಿತು. ಸಾಲ ತೀರಿದ 30 ದಿನದೊಳಗೆ ಮೂಲಪತ್ರಗಳನ್ನು ಹಿಂತಿರುಗಿಸಬೇಕು, ತಪ್ಪಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಅದರ ಪ್ರತಿಯನ್ನು ನಾನು ಇಲ್ಲಿಂದ ಮೇಲ್ ಮಾಡಿದೆ, ಅಪ್ಪ ಅಲ್ಲಿ ಮುದ್ರಿಸಿ ಜೇಬಿನಲ್ಲಿಟ್ಟುಕೊಂಡು ಹೋದರು. ಇಪ್ಪತ್ತೇಳನೇ ದಿನ ಪತ್ರ ಬಂತು.

ಅಡಮಾನ ನೋಂದಣಿಯಾಗಿದ್ದರಿಂದ ಬಿಡುಗಡೆಯನ್ನೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬರೆಸಬೇಕಿತ್ತು. ಅದನ್ನು ಬ್ಯಾಂಕಿನವರು ಹೇಳಲಿಲ್ಲ, ಪತ್ರ ಬರೆಯುವವರೊಬ್ಬರು ಹೇಳಿದರು. ನಮ್ಮ ಮನೆಯ ಋಣಭಾರ ಪತ್ರದಲ್ಲಿ (ಇ.ಸಿ.) ಈಗ 2018ರ ಅಡಮಾನದ ಕೆಳಗೆ 2025ರ ಬಿಡುಗಡೆಯ ಸಾಲೂ ಇದೆ. ಸಾಲ ತೀರಿಸಿದವರು ಒಮ್ಮೆ ಇ.ಸಿ. ತೆಗೆಸಿ ನೋಡಿ.