ಓಟಗಾರನ ವ್ರತ

ಅರಿಷಡ್ವರ್ಗಗಳನ್ನು ಎಣಿಸುವಾಗ ಹಿರಿಯರು ಮಾತ್ಸರ್ಯವನ್ನು ಕಡೆಯಲ್ಲಿ ಇರಿಸಿದರು. ಕಾಮಕ್ರೋಧಗಳನ್ನು ಗೆದ್ದವನ ಮನಸ್ಸಿನಲ್ಲಿಯೂ ಅದು ಅಡಗಿ ಉಳಿಯಬಲ್ಲದು. ಸಮಬಲರ ನಡುವೆಯೇ ಅದು ಹುಲುಸಾಗಿ ಬೆಳೆಯುವುದರಿಂದ ಕ್ರೀಡಾಂಗಣವು ಅದಕ್ಕೆ ಹದವಾದ ನೆಲ. ಅಂತಹ ಕಡೆ ಒಬ್ಬನ ದೈವಶ್ರದ್ಧೆಯು ನಿಜವಾದುದೋ ತೋರಿಕೆಯದೋ ಎಂದು ತಿಳಿಯುವ ಬಗೆ ಯಾವುದು? 1924ರ ಪ್ಯಾರಿಸ್ ಒಲಿಂಪಿಕ್ ಕ್ರೀಡಾಕೂಟದ ಪ್ರಸಂಗವೊಂದು ಈ ಪ್ರಶ್ನೆಗೆ ಬೆಳಕು ನೀಡುತ್ತದೆ.

ಎರಿಕ್ ಲಿಡೆಲ್ ಸ್ಕಾಟ್ಲೆಂಡಿನ ಕ್ರೈಸ್ತ ಮಿಷನರಿ ದಂಪತಿಗಳ ಮಗ. ಹುಟ್ಟಿದ್ದು 1902ರಲ್ಲಿ, ಚೀನಾದ ಟಿಯೆನ್‌ಸಿನ್ ನಗರದಲ್ಲಿ. ಹೆರಾಲ್ಡ್ ಅಬ್ರಹಾಮ್ಸ್ ಇಂಗ್ಲೆಂಡಿನ ಯಹೂದಿ ಮನೆತನದವರು. ಇಬ್ಬರೂ ಬ್ರಿಟನ್ನಿನ ಹೆಸರಾಂತ ಓಟಗಾರರು, ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳು. 1923ರ ರಾಷ್ಟ್ರೀಯ ಸ್ಪರ್ಧೆಯಲ್ಲಿ 100 ಗಜ ಮತ್ತು 220 ಗಜದ ಓಟಗಳೆರಡನ್ನೂ ಲಿಡೆಲ್ ಗೆದ್ದಿದ್ದರು. ಪ್ಯಾರಿಸ್ಸಿನ 100 ಮೀಟರ್ ಪದಕದ ಮೇಲೆ ಇಬ್ಬರಿಗೂ ಕಣ್ಣಿದ್ದುದು ಸಹಜವೇ.

ಆದರೆ ಆ ಓಟದ ಮೊದಲ ಸುತ್ತು ಜುಲೈ 6ರ ಭಾನುವಾರಕ್ಕೆ ಗೊತ್ತಾಗಿದ್ದಿತು. ಭಾನುವಾರವು ದೇವರಿಗೆ ಮೀಸಲಾದ ದಿನ, ಅಂದು ಓಡಲಾಗದು ಎಂಬುದು ಲಿಡೆಲ್ಲರ ವ್ರತ. ಅವರು ಆ ಸ್ಪರ್ಧೆಯನ್ನೂ ಭಾನುವಾರ ಬೀಳುತ್ತಿದ್ದ ರಿಲೇ ಓಟಗಳನ್ನೂ ಬಿಟ್ಟುಕೊಟ್ಟರು. 1981ರ ‘ಚಾರಿಯಟ್ಸ್ ಆಫ್ ಫೈರ್’ ಚಲನಚಿತ್ರದಲ್ಲಿ ಈ ಸಂಗತಿ ಅವರಿಗೆ ಹಡಗು ಏರುವಾಗ ಥಟ್ಟನೆ ತಿಳಿಯುತ್ತದೆ. ವಾಸ್ತವದಲ್ಲಿ ಅದು ಹಲವು ತಿಂಗಳು ಮೊದಲೇ ತಿಳಿದಿದ್ದಿತು. ಆ ತಿಂಗಳುಗಳನ್ನು ಅವರು 400 ಮೀಟರ್ ಓಟದ ಅಭ್ಯಾಸದಲ್ಲಿ ಕಳೆದರು. ನಾಟಕೀಯವಾದ ಕ್ಷಣಕ್ಕಿಂತ ಈ ಮೌನ ಪರಿಶ್ರಮವೇ ಭಕ್ತಿಗೆ ಹೆಚ್ಚಿನ ಸಾಕ್ಷಿ.

ಜುಲೈ 7ರಂದು ಅಬ್ರಹಾಮ್ಸ್ 10.6 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದರು. 200 ಮೀಟರ್ ಅಂತಿಮ ಸುತ್ತಿನಲ್ಲಿ ಇಬ್ಬರೂ ಒಟ್ಟಿಗೆ ಓಡಿದಾಗ ಲಿಡೆಲ್ ಮೂರನೆಯವರು, ಅಬ್ರಹಾಮ್ಸ್ ಆರನೆಯವರು. ಜುಲೈ 11ರಂದು 400 ಮೀಟರ್ ಓಟದಲ್ಲಿ ಲಿಡೆಲ್ಲರಿಗೆ ದೊರೆತುದು ಹೊರ ಅಂಚಿನ ಪಥ. ಅಲ್ಲಿ ಓಡುವವನ ಕಣ್ಣಿಗೆ ಎದುರಾಳಿಗಳು ಬೀಳುವುದಿಲ್ಲ. ತನ್ನ ಶಕ್ತಿಯನ್ನೇ ನಂಬಿ ಓಡಬೇಕು. 47.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಅವರು ಚಿನ್ನದ ಪದಕ ಪಡೆದರು.

ವ್ರತ ಪಾಲಿಸಿದುದಕ್ಕೆ ಪದಕ ಬಂದಿತೆಂದು ಇದನ್ನು ಅರ್ಥೈಸಿದರೆ ಭಕ್ತಿಯು ವ್ಯಾಪಾರವಾಗುತ್ತದೆ. ಪದಕ ಬಾರದಿದ್ದರೂ ವ್ರತದ ಬೆಲೆ ಕುಂದುತ್ತಿರಲಿಲ್ಲ. ಗಮನಿಸಬೇಕಾದುದು ಬೇರೆ: ಲಿಡೆಲ್ಲರ ನಿಷ್ಠೆಯ ಬೆಲೆಯನ್ನು ತೆತ್ತವರು ಸ್ವತಃ ಅವರೇ. ಆ ಬೆಲೆಯನ್ನು ಪ್ರತಿಸ್ಪರ್ಧಿಯ ಮೇಲೆ ಹೊರಿಸಲಿಲ್ಲ.

1925ರಲ್ಲಿ ಲಿಡೆಲ್ ಶಿಕ್ಷಕರಾಗಿ ಚೀನಾಕ್ಕೆ ತೆರಳಿದರು. ಯುದ್ಧಕಾಲದಲ್ಲಿ, 1943ರಲ್ಲಿ, ಜಪಾನೀಯರು ಅವರನ್ನು ವೇಯ್‌ಶಿಯೆನ್ ಬಂಧನ ಶಿಬಿರದಲ್ಲಿ ಇರಿಸಿದರು. ಅಲ್ಲಿ ಒಂದು ಭಾನುವಾರ ಮಕ್ಕಳು ತಾವಾಗಿಯೇ ಹಾಕಿ ಆಡಲು ಹೋಗಿ, ತೀರ್ಪುಗಾರರಿಲ್ಲದೆ ಹೊಡೆದಾಡಿಕೊಂಡರು. ಮುಂದಿನ ಭಾನುವಾರ ಲಿಡೆಲ್ ತಾವೇ ತೀರ್ಪುಗಾರರಾಗಿ ಅಂಕಣಕ್ಕೆ ಇಳಿದರು. ತನ್ನ ಪದಕಕ್ಕಾಗಿ ಮುರಿಯದ ನಿಯಮವನ್ನು ಮಕ್ಕಳ ಸೌಹಾರ್ದಕ್ಕಾಗಿ ಸಡಿಲಿಸಿದ ಆ ಮನಸ್ಸಿನಲ್ಲಿ ಹಟವಿರಲಿಲ್ಲ, ಕರುಣೆಯಿದ್ದಿತು. 1945ರ ಫೆಬ್ರವರಿ 21ರಂದು, ಬಿಡುಗಡೆಗೆ ಕೆಲವೇ ತಿಂಗಳುಗಳ ಮುನ್ನ, ಆ ಶಿಬಿರದಲ್ಲಿಯೇ ಅವರು ತೀರಿಕೊಂಡರು.

ಆಯುಧಪೂಜೆಯಂದು ಕಸುಬಿನ ಉಪಕರಣಗಳನ್ನು ತೊಳೆದು, ಒರೆಸಿ, ಅನಂತರವೇ ಹೂವೇರಿಸುವುದು ವಾಡಿಕೆ. ಗೆಲ್ಲಬೇಕೆಂಬ ಛಲವೂ ಮನುಷ್ಯನ ಒಂದು ಉಪಕರಣ. ಅದಕ್ಕೆ ಅಂಟಿದ ಮಾತ್ಸರ್ಯದ ತುಕ್ಕನ್ನು ಉಜ್ಜಿ ತೆಗೆದವನ ವಿಜಯದಶಮಿಯೇ ಸಾರ್ಥಕ.